ದಾರ, ದಾರಿ

ಕಡೆಯ ಮಾರ್ಶ್ರುತ್ಕಾ ಸಂಜೆ ಐದೂ ನಲವತ್ತಕ್ಕೆ.
ತಪ್ಪಿದರೆ ಕುತಾಯಿಸಿಗೆ ಬೇರೆ ವ್ಯಾನಿಲ್ಲ,
ಸೌದೆ ಲಾರಿಯವನ ಕಾಲು ಹಿಡಿಯಬೇಕು.
ಅದಕ್ಕೇ ನಾಳೆಯನ್ನು ತುದಿಯಿಂದ ಹೆಣೆಯುತ್ತಿದ್ದೇನೆ,
ಕಾಲುಚೀಲವನ್ನು ಹೆಬ್ಬೆರಳಿನ ಕಡೆಯಿಂದ ಹೆಣೆದು ಬರುವ ಹಾಗೆ:

ಐದೂವರೆಗೆ ರಸ್ತೆಯಲ್ಲಿರಬೇಕು.
ಅಂದರೆ ಮೂರಕ್ಕೆ ಜಲಪಾತಕ್ಕೆ ಬೆನ್ನು.
ಅಂದರೆ ಒಂದೂವರೆಗೆ ಬುತ್ತಿ ಬಿಚ್ಚಬೇಕು,
ಅಂದರೆ ಹತ್ತಕ್ಕೆಲ್ಲ ಕಾಡಿನ ಅಂಚು,
ಅಂದರೆ ಎಂಟಕ್ಕೆ ಸಂತೆಯ ಹಿಂದೆ ವ್ಯಾನು,
ಅಂದರೆ ಆರಕ್ಕೆ ಒಲೆ,
ಅಂದರೆ, ತ್ಸಿಯಾಲಾ, ಈಗಲೇ ಮಲಗು.

ಮಲಗಲಿಲ್ಲ.
ಮೇಜಿನ ಮೇಲೆ ನಕ್ಷೆ ಹರಡಿ
ಹೊಲಿಗೆಯ ಕೆಂಪು ದಾರ ಇಟ್ಟೆ,
ದಾರಿ ಮಗ್ಗುಲಾದಲ್ಲೆಲ್ಲ ದಾರವನ್ನೂ ಮಗ್ಗುಲಾಗಿಸಿ,
ಆಮೇಲೆ ಎಳೆದು ನೇರ ಮಾಡಿ ಅಳೆದೆ.
ಗೇಣಿಗೆ ಒಂದು ಬೆರಳು ಕಮ್ಮಿ.
ಐದು ಕಿಲೋಮೀಟರ್ ಹೋಗಲಿಕ್ಕೆ, ಅಷ್ಟೇ ಬರಲಿಕ್ಕೆ.
ಕರಪತ್ರದಲ್ಲಿ ಬರೆದಿದೆ: ದರ್ಜೆ, ಮಧ್ಯಮ.

ಯಾರಿಗೆ ಮಧ್ಯಮ?
ಮೇಕೆಗೆ ಅದು ಅಂಗಳ.
ಪಕ್ಕದ ಮನೆಯ ಲಾಮ್ಜಿರಾಳಿಗೆ ಒಂಬತ್ತು ವರ್ಷ, ಅವಳಿಗೆ ಒಂದು ಓಟ.
ಡಾಕ್ಟರೂ ಇದೇ ಮಾತು ಹೇಳಿದ್ದರು,
ಮಧ್ಯಮ ನಡಿಗೆ ಅಡ್ಡಿಯಿಲ್ಲ ಎಂದು.
ವ್ಯಾಕರಣದಲ್ಲಿ ಮಧ್ಯಮ ಎಂದರೆ
ಎದುರಿಗೆ ಇರುವವನು, ನೀನು.
ನೀನು, ಓತಿಯಾ,
ಗೋಡೆಯಾಚೆ ಕೆಮ್ಮುತ್ತಿರುವ ನನ್ನ ಅಣ್ಣ,
ಎದೆಯಲ್ಲಿ ಎರಡು ಸ್ಟೆಂಟ್ ಇಟ್ಟುಕೊಂಡು
ಮಾರ್ಚಿಯಿಂದ ಬಾಲ್ಕನಿಯಾಚೆ ಹೋಗದವನು,
ಮೊನ್ನೆ ಮಾತ್ರ, ಚಹದ ಲೋಟ ಕೆಳಗಿಡದೆ,
“ಆ ನೀರು ಇನ್ನೂ ಬೀಳ್ತಾ ಇರಬಹುದಾ” ಎಂದವನು.

ಮೂವತ್ತೊಂದು ವರ್ಷ ಟ್ರಾಲಿಬಸ್ ನಡೆಸಿದೆ ನೀನು.
ನಿಲ್ದಾಣವಿಲ್ಲದ ಕಡೆ ಒಮ್ಮೆಯೂ ನಿಲ್ಲಿಸಲಿಲ್ಲ,
ಮಳೆಯಲ್ಲಿ ಅಮ್ಮ ಛತ್ರಿ ಬೀಸಿ ಕರೆದಾಗಲೂ.
ಸುಸ್ತು ಎಂಬುದು ನಿನ್ನ ಬಸ್ಸಿನ ಬೋರ್ಡಿನಲ್ಲಿದ್ದ ಊರಲ್ಲ.
ಹಾಗಾಗಿ ಈ ರಾತ್ರಿ ಕಾಡಿನೊಳಗೆ
ನಾನೇ ನಿಲ್ದಾಣ ನೆಡುತ್ತಿದ್ದೇನೆ,
ಪೆನ್ಸಿಲಿನಲ್ಲಿ, ಸಣ್ಣ ಸಣ್ಣ ಸೊನ್ನೆ.

ಮೊದಲನೆಯದು, ಹಾಳು ಗಿರಣಿಯ ಹತ್ತಿರ:
ನನ್ನ ಬೂಟಿನ ದಾರ ಬಿಚ್ಚಿಕೊಳ್ಳುತ್ತದೆ.
ಎರಡನೆಯದು: ಅಕ್ಟೋಬರ್, ಚೆಸ್ಟ್‌ನಟ್ ಉದುರಿರುತ್ತದೆ,
ನಾನು ಆಸೆಬುರುಕಿ, ಜೇಬು ತುಂಬುವ ತನಕ ಏಳುವವಳಲ್ಲ.
ಮೂರನೆಯದು ಹಳ್ಳದ ಮೇಲಿನ ಹಲಗೆ. ಹೆದರುತ್ತೇನೆ.
ಹನ್ನೊಂದು ವರ್ಷದವಳಿದ್ದಾಗ ನಾನೇ ಮೊದಲು ದಾಟಿ
ಆಚೆ ದಡದಿಂದ ನಿನ್ನನ್ನು ಅಣಕಿಸಿದ್ದೆ.
ನಾಳೆಗೆ ಅದು ಮರೆತಿರುತ್ತದೆ.
ನಾಲ್ಕನೆಯದಕ್ಕೆ ನೆಪ ಸಿಕ್ಕಿಲ್ಲ.
ನಕ್ಷೆಯ ಗೆರೆಗಳು ಅಲ್ಲಿ ಬಾಚಿದ ಕೂದಲಿನಷ್ಟು ಒತ್ತು.
ಅಣಬೆ ಎನ್ನಲೇ? ಅಣಬೆ ನನಗಿಂತ ನಿನಗೇ ಗೊತ್ತು.
ಹಕ್ಕಿ ಎಂದರೆ ನಡೆಯುತ್ತಲೇ ಹೆಸರು ಹೇಳಿಬಿಡುತ್ತೀಯ.
ಬೇಕಾದರೆ ಅಳಬಹುದು, ಅಳು ನನಗೆ ಕಷ್ಟವಲ್ಲ,
ಆದರೆ ಯಾಕೆ ಎಂದು ಕೇಳಿದರೆ?
ಆ ಸೊನ್ನೆಯನ್ನು ಹಾಗೇ ಬಿಟ್ಟಿದ್ದೇನೆ.

ಬುತ್ತಿಗೆ ಆರು ಜೋಳದ ಮ್ಚಾದಿ, ಉಪ್ಪು ಚೀಸು,
ಹುಳಿ ಪ್ಲಮ್ಮಿನ ಚಟ್ನಿ ಕೆಮ್ಮಿನ ಔಷಧದ ಹಳೇ ಶೀಸೆಯಲ್ಲಿ.
ನಾಲಿಗೆಯಡಿಯ ಮಾತ್ರೆ ನನ್ನ ಎಡ ಜೇಬಿನಲ್ಲಿ,
ನಿನ್ನ ಜೇಬಿನಲ್ಲೂ ಇರುತ್ತದೆ, ಗೊತ್ತು.
ವೈನ್ ಇಲ್ಲ.
ಇದೆ, ಒಂದು ಗುಟುಕು.

ಹನ್ನೊಂದು ಹೊಡೆಯಿತು. ಬಾಗಿಲು ಕಿರ್ ಎಂದಿತು.
ನೀನು ಬನಿಯನ್ನಿನಲ್ಲೇ ಬಂದೆ,
ನಕ್ಷೆಯ ಕಡೆ ತಿರುಗಲೂ ಇಲ್ಲ,
ಮೂಲೆಯ ನನ್ನ ಬೂಟು ಎತ್ತಿಕೊಂಡು ಸ್ಟೂಲಿನ ಮೇಲೆ ಕೂತು
ನಿನ್ನೆಯಷ್ಟೇ ನಾನು ಕೊಂಡ ಹೊಸ ದಾರವನ್ನು
ಒಂದೊಂದೇ ತೂತಿನಿಂದ ಬಿಚ್ಚಿ ತೆಗೆದು
ಹಳೆಯದನ್ನೇ ಪೋಣಿಸತೊಡಗಿದೆ,
ತುದಿ ಸವೆದು ಕುಚ್ಚಾದದ್ದನ್ನು
ಎಂಜಲು ಹಚ್ಚಿ ಚೂಪು ಮಾಡಿ.

“ಹೊಸದು ಬಲು ಗಟ್ಟಿ, ತ್ಸಿಯಾಲಾ.
ತಾನಾಗಿ ಬಿಚ್ಚಿಕೊಳ್ಳಲ್ಲ ಅದು.”