ಎರಡು ಜುಟ್ಟಿನ ಅನಾನಸು

ಟೀಕಪ್ಪನ ಹಣ್ಣು ನೀಲಿ ಕ್ರೇಟಿನಲ್ಲಿ,
ಕುರಿಯಾಚನದು ಹಳದಿಯಲ್ಲಿ.
ಆನಂದಪುರದಿಂದ ಒಂದೇ ಲಗೇಜ್ ಆಟೋ ಹತ್ತಿ
ಬಂದವು ನವಿಲೆಯ ಲ್ಯಾಬಿಗೆ,
ದಾರಿಯುದ್ದ ಒಂದರ ಮುಳ್ಳು ಇನ್ನೊಂದಕ್ಕೆ ಚುಚ್ಚುತ್ತ.

ಅವರ ಗುಡ್ಡದಲ್ಲೂ ನಡುವೆ ಒಂದು ಬೇಲಿ ಅಷ್ಟೆ.
ಆಚೆ ಸಗಣಿ ನೀರು, ಬೆಲ್ಲ, ಕೊಳೆತ ದರಗು.
ಈಚೆ ಯೂರಿಯಾ, ಮತ್ತೆ
ಇಡೀ ಸಾಲು ಒಟ್ಟಿಗೆ ಹೂ ಬಿಡಲೆಂದು
ಸುಳಿಗೆ ಹುಯ್ಯುವ ಔಷಧಿ.

ತೂಗಿದೆ. ಬರೆದೆ.
ಕುರಿಯಾಚನವು ಶಾಲೆ ಯೂನಿಫಾರ್ಮಿನ ಮಕ್ಕಳು,
ಹತ್ತಕ್ಕೆ ಹತ್ತೂ ಒಂದೂವರೆ ಕೆಜಿ ಆಸುಪಾಸು.
ಟೀಕಪ್ಪನವು ಒಂದು ಕೊಡಪಾನ, ಒಂದು ಚೊಂಬು,
ಒಂದಕ್ಕಂತೂ ಎರಡು ಜುಟ್ಟು.
ಎರಡು ಜುಟ್ಟಿಗೆ ಫಾರಂನಲ್ಲಿ ಕಾಲಂ ಇಲ್ಲ.

ಗಾಜಿನ ಮೇಲೆ ಒಂದು ಹನಿ ರಸ.
ಕಿಟಕಿ ಕಡೆ ತಿರುಗಿ ಒಂದು ಕಣ್ಣು ಮುಚ್ಚಿದರೆ
ನೀಲಿ ಮುಗಿದು ಬಿಳಿ ಶುರುವಾಗುವಲ್ಲಿ ಸಿಹಿಯ ಲೆಕ್ಕ.
ಹದಿನಾಲ್ಕು ಚಿಲ್ಲರೆ.
ಇದೂ ಹದಿನಾಲ್ಕು ಚಿಲ್ಲರೆ.
ಒರೆಸಿ ಮತ್ತೆ ನೋಡಿದೆ. ಸುಳ್ಳು ಯಾಕೆ ಹೇಳಲಿ,
ನೀಲಿ ಕ್ರೇಟು ಗೆಲ್ಲಲಿ ಅಂತ ನನಗಿತ್ತು.
ಟೀಕಪ್ಪನ ಕೈ ನೋಡಿದ್ದೆ, ಬಿರುಕಿನೊಳಗೆ ಸಗಣಿ ಇಳಿದದ್ದು.
ಕುರಿಯಾಚನ ಕೈಯೂ ನೋಡಿದ್ದೆ, ಮೊಣಕೈವರೆಗೆ ಗೀರು.
ಗಾಜಿಗೆ ಕೈ ಕಾಣುವುದಿಲ್ಲ.

ಮಧ್ಯಾಹ್ನ ರುಚಿ ನೋಡುವವರು ಎಂಟು ಜನ.
ತಟ್ಟೆಗಳ ಹೆಸರು ೪೧೭, ೨೮೩.
'ಇದಕ್ಕೆ ಮಣ್ಣಿನ ಘಮ ಇದೆ ನೋಡಿ,
ಖಂಡಿತ ಸಾವಯವ' ಎಂದರು ಒಬ್ಬ ಮೇಡಂ, ಕಣ್ಣು ಮುಚ್ಚಿ.
ಅದು ಕುರಿಯಾಚನದು.
ಡ್ರೈವರ್ ಗಿಡ್ಡಪ್ಪ ಎರಡನ್ನೂ ಖಾಲಿ ಮಾಡಿ
'ಉಪ್ಪು ಖಾರ ಇದ್ದಿದ್ರೆ ಹೇಳ್ತಿದ್ದೆ' ಅಂದ.
ಅದನ್ನೂ ಬರೆದುಕೊಂಡೆ, ಪೆನ್ಸಿಲ್ಲಿನಲ್ಲಿ.

ಐದನೇ ದಿನ ಹಳದಿ ಕ್ರೇಟಿನ ಬುಡ ಮೆತ್ತಗಾಯಿತು.
ನೀಲಿ ಗಟ್ಟಿ ನಿಂತಿತ್ತು,
ಹಾಗಂತ ಇರುವೆ ಏನೂ ಭೇದ ಮಾಡಲಿಲ್ಲ.

ಸಂಜೆ ಕುರಿಯಾಚನ ಫೋನು:
'ಜಬೀನಾ ಮೇಡಂ, ಟೀಕಪ್ಪಂದು ಹೆಂಗಿದೆ?
ನಮ್ಮನೆಗೆ ನಾವು ತರೋದು ಅವಂದೇ.'
ಸ್ವಲ್ಪ ಸುಮ್ಮನಿದ್ದು ನಕ್ಕ:
'ಅವನ ಮನೆಗೆ ಬೀಗರು ಬಂದ್ರೆ ನನ್ನದು ಒಯ್ತಾನೆ,
ತಟ್ಟೆಯಲ್ಲಿ ಚೆಂದ ಕಾಣುತ್ತಂತೆ.'

ಸೋಮವಾರದ ವರದಿಗೆ ಒಂದೇ ಸಾಲು ಹೇಳಿ ಬರೆಸಿದರು:
ಗಣನೀಯ ವ್ಯತ್ಯಾಸ ಕಂಡುಬಂದಿಲ್ಲ.
ಬುಡದ ಗಟ್ಟಿತನ ಅಡಿಟಿಪ್ಪಣಿಗೆ ಹೋಯಿತು.

ಎರಡು ಜುಟ್ಟಿನದನ್ನು ಯಾರೂ ಕೇಳಲಿಲ್ಲ.
ಟಿಫನ್ ಚೀಲದಲ್ಲಿಟ್ಟು ಗೋಪಾಳಕ್ಕೆ ತಂದು
ಜುಟ್ಟು ಎರಡನ್ನೂ ಪೇಂಟ್ ಬಕೆಟ್ಟಿನಲ್ಲಿ ಊರಿದೆ.
ಒಂದಕ್ಕೆ ಅಕ್ಕಿ ತೊಳೆದ ನೀರು.
ಇನ್ನೊಂದಕ್ಕೆ ಏನು ಕೊಡಲಿ?
ಹಣ್ಣಿಗೆ ಹದಿನೆಂಟು ತಿಂಗಳಂತೆ.
ಬಾಡಿಗೆ ಕರಾರು ಹನ್ನೊಂದೇ.