ಅಕ್ಕನ ಮೂಗು

ನವೆಂಬರಿನ ಕೊನೆಗೆ ಆಲ್ಟಾದ ಸೂರ್ಯ
ಬಾಗಿಲು ಹಾಕಿಕೊಂಡು ಹೋದರೆ
ಜನವರಿ ಅರ್ಧ ಕಳೆಯುವತನಕ ಬರುವವನಲ್ಲ.
ಅಂಥದೊಂದು ಮಧ್ಯಾಹ್ನದ ಇರುಳಿನಲ್ಲಿ
ಅಸ್ಲಾಕನ ಶೆಡ್ಡಿನಲ್ಲಿ ನಿಂತಿತ್ತು ನಮ್ಮ ಗಾಡಿ.
ಒಳಗೇ ಹಾಸಿಗೆ, ಒಲೆ, ಬಚ್ಚಲು;
ಹದಿನೇಳು ವರ್ಷದ್ದು, ಎಡಮಗ್ಗುಲಲ್ಲಿ
ಹಿಮ ತಳ್ಳುವ ಟ್ರಕ್ಕು ಕೆರೆದ ಗಾಯ.
ದುಡ್ಡು ಅರ್ಧ ನನ್ನದು, ಅರ್ಧ ಗುಡ್ರುನ್ ಅಕ್ಕನದು.
ಜಗಳ ಮಾತ್ರ ಇಬ್ಬರದೂ ಪೂರ್ತಿ.

"ಗ್ಯಾಸು ಉಳಿಸಲೋ, ಎಲ್ಲ ಕಿತ್ತು ಕರೆಂಟೇ ಮಾಡಲೋ?
ಶುಕ್ರವಾರದೊಳಗೆ ಹೇಳಿ" ಎಂದ ಅಸ್ಲಾಕ್,
ಕೈಯೊರೆಸಿಕೊಳ್ಳುತ್ತ.

ಅಕ್ಕ ಮೂವತ್ತೊಂದು ವರ್ಷ ಸಬ್‌ಸ್ಟೇಷನ್ನಿನಲ್ಲಿ
ಮೀಟರಿನ ಮುಳ್ಳು ಕಾದವಳು.
ನಾನು ಮೀನುದೋಣಿಗಳ ಅಡುಗೆಯವಳು,
ಅಲೆಗೆ ಓಲಾಡುವ ನೀಲಿ ಉರಿಯ ಮೇಲೆ
ದಿನಕ್ಕೆ ಹನ್ನೊಂದು ಹೊಟ್ಟೆ ತುಂಬಿಸಿದವಳು.
ಉರಿ ಕಣ್ಣಿಗೆ ಕಾಣದಿದ್ದರೆ ನನಗದು ಒಲೆಯಲ್ಲ,
ಬಿಸಿಯಾದ ಹಲಗೆ.

"ಎರಡು ಲಿಥಿಯಂ ಬ್ಯಾಟರಿ, ತಲೆಮೇಲೆ ಪ್ಯಾನೆಲ್ಲು, ಮುಗೀತು"
ಅಂದಳು ಅಕ್ಕ.
"ಯಾವ ಬಿಸಿಲಿಗೆ?" ಅಂದೆ, ಕಿಟಕಿಯ ಕತ್ತಲು ತೋರಿಸಿ.
ಅಸ್ಲಾಕ್ ನಡುವೆ ಬಾಯಿ ಹಾಕಿದ:
ಲಿಥಿಯಂಗೆ ಸೊನ್ನೆಯ ಕೆಳಗೆ ಉಣಿಸುವ ಹಾಗಿಲ್ಲವಂತೆ,
ಮೊದಲು ಅದಕ್ಕೇ ಕಂಬಳಿ ಹೊದಿಸಬೇಕಂತೆ.
ನಾನು ನಕ್ಕೆ. ಅಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ.
"ನಿನ್ನ ಗ್ಯಾಸೂ ಚಳಿಗೆ ಮಲಗುತ್ತದೆ."
"ಮಲಗುವುದು ಬ್ಯೂಟೇನು. ಪ್ರೊಪೇನು ಎದ್ದೇ ಇರುತ್ತದೆ."
"ನಡುರಾತ್ರಿ ಸಿಲಿಂಡರು ಖಾಲಿಯಾದರೆ
ಮೈನಸ್ ಇಪ್ಪತ್ತೆಂಟರಲ್ಲಿ ಹೊರಗೆ ಹೋಗುವವರು ಯಾರು?"
"ನಾನು."
"ನಿನ್ನ ಮೊಣಕಾಲನ್ನು ಕೇಳಿದ್ದೀಯಾ?"

ಗುರುವಾರ. ಅಸ್ಲಾಕ್ ಏನೋ ತರಲು ಹೊರಗೆ ಹೋಗಿದ್ದ.
ಕಾಫಿಗಿಡೋಣ ಎಂದು ಗಾಡಿಯೊಳಗೆ ಹತ್ತಿದೆ.
ಕಡ್ಡಿಪೆಟ್ಟಿಗೆ ತೆಗೆದೆ.
ಹಿಂದೆ ಬಂದ ಅಕ್ಕ ಮೆಟ್ಟಿಲಲ್ಲೇ
ನನ್ನ ಮಣಿಕಟ್ಟು ಹಿಡಿದಳು, ಮೂಳೆ ನೋಯುವ ಹಾಗೆ.
"ಕೊಳೆತ ಕೋಸಿನ ನಾತ," ಅಂದಳು,
"ನಿನಗೆ ಬರಲಿಲ್ಲವಾ?"

ಬರಲಿಲ್ಲ.
ಮೂರು ವರ್ಷವಾಯಿತು, ಆ ಜ್ವರ ಬಂದು ಹೋದಮೇಲೆ
ಏನೂ ಬಂದಿಲ್ಲ. ಯಾರಿಗೂ ಹೇಳಿಲ್ಲ.
ಉಪ್ಪನ್ನು ಕೈಯ ನೆನಪಿನಿಂದ ಹಾಕುತ್ತೇನೆ,
ಮೀನು ಹಳತೋ ಹೊಸತೋ, ಅದರ ಕಣ್ಣು ನೋಡಿ,
ದಾಲ್ಚಿನ್ನಿ ಬನ್ನು ಬೆಂದಿತೋ, ಅಕ್ಕನ ಮುಖ ನೋಡಿ.
ಗ್ಯಾಸಿಗೆ ಸ್ವಂತ ವಾಸನೆ ಇಲ್ಲ.
ಜನ ಎಚ್ಚರವಾಗಲಿ ಎಂದೇ ಬೆರೆಸಿದ ನಾತ ಅದು.
ನನ್ನ ಪಾಲಿಗೆ ಬೆರೆಸದಂತೆಯೇ.

ಸಾಬೂನಿನ ನೀರು ಹಚ್ಚಿದ ಅಸ್ಲಾಕ್.
ಒಂದು ಕೀಲಿನಲ್ಲಿ ಗುಳ್ಳೆ ಎದ್ದವು,
ಮಗುವಿನ ಬಾಯಂಚಿನಲ್ಲಿ ಏಳುವ ಹಾಗೆ.
"ಎಲ್ಲ ಕಿತ್ತುಹಾಕು," ಅಂದೆ.
ಗಂಟಲು ನನ್ನ ಮಾತು ಕೇಳಲಿಲ್ಲ.
ಅಕ್ಕ ಬಹಳ ಹೊತ್ತು ಬೂಟು ನೋಡುತ್ತ ನಿಂತಿದ್ದು
"ಬೇಡ," ಅಂದಳು.
"ಪೈಪು ಹೊಸದು ಹಾಕು. ನೆಲದ ಹತ್ತಿರ ಅಲಾರಂ ಹಾಕು.
ಮಿಕ್ಕಿದ್ದಕ್ಕೆ ನಾನಿದ್ದೇನೆ."

ನನ್ನ ವಿಷಯದಲ್ಲಿ ಮೂಗು ತೂರಿಸಬೇಡ ಎಂದು
ಐವತ್ತು ವರ್ಷ ಹೇಳುತ್ತ ಬಂದಿದ್ದೆ ಅವಳಿಗೆ.

ಫೆಬ್ರವರಿ, ಕಾರಾಶೋಕ್, ಮೈನಸ್ ಮೂವತ್ತೊಂದು.
ಹೀಟರಿನ ಉರಿ ಗೊರಗೊರ ಅನ್ನುತ್ತಿದೆ.
ರಾತ್ರಿ ಎರಡು ಸಲ ಎದ್ದು ಕೂರುತ್ತಾಳೆ ಅಕ್ಕ.
ಕತ್ತಲಲ್ಲಿ ಸೂಂ, ಸೂಂ.
ಮತ್ತೆ ಮಲಗುತ್ತಾಳೆ. ನಾನು ನಿದ್ದೆ ಬಂದವಳ ಹಾಗೆ.

ಮೂರನೆಯ ದಿನ ಅವಳಿಗೆ ನೆಗಡಿ.
ಈಗ ಇಬ್ಬರೂ ಕಂಬಳಿ ಹೊದ್ದು ಎದ್ದು ಕೂತಿದ್ದೇವೆ,
ನೆಲದ ಹತ್ತಿರ ಮಿನುಗುವ
ಹಸಿರು ಚುಕ್ಕೆಯನ್ನೇ ನೋಡುತ್ತ.
"ಗೊತ್ತಾ," ಎನ್ನುತ್ತಾಳೆ, ಮೂಗು ಕಟ್ಟಿದ ದನಿಯಲ್ಲಿ,
"ಅದು ನಡೆಯುವುದು ನನ್ನ ಬ್ಯಾಟರಿಯಲ್ಲಿ."