ಬರೆದರು

ಹೆಸರಿನ ಹಣೆಗೊಂದು ಚುಕ್ಕೆ ಇಟ್ಟರೆ ಸಾಕು,
ಫೈಲು ಮರೆಗೆ ಸರಿಯುತ್ತದೆ,
ಬೊಟ್ಟಿಟ್ಟುಕೊಂಡು ಬಾಗಿಲ ಹಿಂದೆ ನಿಂತವಳ ಹಾಗೆ.
ಕರೆಯುವ ರೀತಿ ಗೊತ್ತಿದ್ದವರಿಗಷ್ಟೇ ಈಚೆ ಬರುತ್ತದೆ.
ಕಾಯತಾನ್‌ಬಾಬ್ ನಿವೃತ್ತರಾದ ದಿನ
ಕಪಾಟಿನ ಕೀಲಿ, ಮುರುಕು ಕೊಡೆ,
ಮನೆಯಲ್ಲೇ ಮಾಡಿದ ಅರ್ಧ ಬಾಟಲಿ ವಿನೆಗರ್ ಜೊತೆ
ನನಗೆ ಒಪ್ಪಿಸಿ ಹೋದದ್ದು ಅದನ್ನೇ.

ವಾಸ್ಕೋ ಬಂದರಿನ ನೀರಳತೆಯ ಕೋಣೆ, ರಾತ್ರಿ ಪಾಳಿ.
ಕಿಟಕಿಯಾಚೆ ಅದಿರಿನ ಬಾರ್ಜು.
ಪರದೆಯಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ,
ಕೋಣೆಯಲ್ಲಿ ಇಲಿ ಓಡಿದರೂ ಬಾಣ ಓಡುವುದಿಲ್ಲ.
ಇಲ್ಲಿ ಟಪಾಲು ಬೇಕಾದರೆ
ಬರೆದೇ ಕೇಳಬೇಕು.

ಫೈಲಿನ ತುಂಬ ಅವರ ಟಿಪ್ಪಣಿ.
ಸಾಲಿನ ಮೊದಲಿಗೆ ಜಾಳಿಗೆಯ ಗುರುತು ಹಾಕಿದರೆ
ಯಂತ್ರ ಓದದೆ ದಾಟಿ ಹೋಗುತ್ತದೆ,
ಓದುವುದು ಮುಂದೆ ಬಂದು ಕೂರುವ ಮನುಷ್ಯರು.
# ಹೊಸದು ಮೇಲೆ, ಹಳೆಯದು ಕೆಳಗೆ. ಸಾಹೇಬರ ಹಟ.
# ಇದು ಯಾಕೆಂದು ನೆನಪಿಲ್ಲ. ತೆಗೆದರೆ ಎಲ್ಲ ನಿಲ್ಲುತ್ತದೆ.
# ಕಣ್ಣಿಗೆ ಪೊರೆ ಬಂದ ಮೇಲೆ ಅಕ್ಷರ ಹಳದಿ ಮಾಡಿದೆ. ನೀನು ಬದಲಿಸಿಕೋ.

ಬದಲಿಸಲಿಲ್ಲ. ಹಳದಿ ಇರಲಿ.
ಹೆಸರು ಎಂಬಲ್ಲಿ ಅವರದನ್ನು ಅಳಿಸಿ
ನೀಲಗಂಗಾ ಹಡಪದ ಎಂದೆ.
ಕಳಿಸಿದ್ದರ ಪ್ರತಿ ಇಡಲೇ? ಇಡು,
ಈ ಬಂದರಿನಲ್ಲಿ ತಲುಪಿತು ಎಂದು ಯಾರೂ ಒಪ್ಪುವುದಿಲ್ಲ.
ಕಳಿಸುವ ಮುನ್ನ ಕೇಳಲೇ? ಕೇಳು.
ಅಳಿಸುವ ಮುನ್ನ? ಎರಡು ಸಲ ಕೇಳು.
ಸಹಿ ಖಾಲಿ ಬಿಟ್ಟೆ.

ಆಮೇಲೆ ಆ ಸಾಲು. ಉತ್ತರ ಬರೆಯುವಾಗ
ಅವರ ಮಾತಿನ ನೆತ್ತಿಯ ಮೇಲೆ ತಾನಾಗಿ ಕೂರುವುದು:
ಇಂಥ ದಿನ, ಇಂಥವರು, ಹೀಗೆ ಬರೆದ...
ಕಾಯತಾನ್‌ಬಾಬರಿಗೆ ಇಂಗ್ಲಿಷಿನಲ್ಲಿ ಒಂದೇ ಶಬ್ದಕ್ಕೆ ಮುಗಿದಿತ್ತು.
ಕನ್ನಡದಲ್ಲಿಡೋಣ ಎಂದು ಹೊರಟವಳು
ಅರ್ಧದಲ್ಲೇ ನಿಂತೆ.

ಬರೆದನು ಎಂದರೆ ಸಾಹೇಬರು ಮುನಿದಾರು,
ಕನ್ನಡ ಬಾರದಿದ್ದರೂ ಮುನಿಯುವ ಜಾತಿ ಅವರದು.
ಬರೆದಳು ಎಂದರೆ ದೋನಾ ಪಾವ್ಲಾದ ಡಾಕ್ಟರ್ ಎಫಿಜೆನಿಯಾ,
ಅರವತ್ತು ದಾಟಿದ ಹೆಂಗಸು, ಆಗದು.
ತಮ್ಮನಿಗೆ ಬರೆದರು ಎಂದರೆ ಬಿದ್ದು ಬಿದ್ದು ನಕ್ಕಾನು.
ಇನ್ನು ಗಂಟೆಗೊಮ್ಮೆ ತಪ್ಪದೆ ಬರೆಯುವುದು
ನಾಲ್ಕನೇ ಜೆಟ್ಟಿಯ ಅಳತೆಗೋಲು;
ವ್ಯಾಕರಣದ ಪ್ರಕಾರ ಅದಕ್ಕೆ, ಬರೆಯಿತು.
ಯಂತ್ರಕ್ಕೆ ಇದೊಂದೂ ತಿಳಿಯದು.
ಒಂದು ಕ್ರಿಯಾಪದ ಕೊಡು,
ಎಲ್ಲರಿಗೂ ಅದನ್ನೇ ಹಚ್ಚುತ್ತೇನೆ ಎನ್ನುತ್ತದೆ.

ಇದೇ ಧಕ್ಕೆಯ ಬೆಳಗಿನ ಹಾಜರಿ.
ಅಪ್ಪನ ಬುತ್ತಿ ಕೊಡಲು ಬಂದವಳು ಕಂಬದ ಮರೆಯಲ್ಲಿ,
ನನಗೆ ಎಂಟು ವರ್ಷ.
ಮುಕಾದಮ ನಮ್ಮವನೇ, ಬಾಗಲಕೋಟೆ ಕಡೆಯವ,
ಪಟ್ಟಿ ಹಿಡಿದು ಕೂಗುತ್ತಿದ್ದ:
ತಳವಾರ ಬಂತೇನು? ಹಡಪದ ಬಂತೇನು?
ಬಂತ್ರೀ, ಎಂದ ಅಪ್ಪ.
ತನ್ನ ಬಗ್ಗೆಯೇ ಅಂದದ್ದು. ಕಿವಿಯ ಮಡಿಕೆಯಲ್ಲಿ ಕೆಂಪು ಅದಿರು.
ಮನೆಯಲ್ಲಿ ನಾವೂ ಅಪ್ಪ ಬಂದ ಎಂದೇ ಅನ್ನುತ್ತಿದ್ದೆವು.
ಅದು ಬೇರೆ.

ಬರೆದರು ಎಂದು ಹೊಡೆದು ಉಳಿಸಿದೆ.
ಮೇಲೊಂದು ಜಾಳಿಗೆ:
# ಯಾಕೆಂದು ನೆನಪಿದೆ. ತೆಗೆಯಬೇಡಿ.

ಈಗ ಸಾಲ ಬೇಕೇ ಎನ್ನುವ ಬ್ಯಾಂಕಿನ ಹುಡುಗನೂ ಬರೆದರು,
ಬಾಕಿ ಕೇಳುವ ವಿದ್ಯುತ್ ಇಲಾಖೆಯೂ ಬರೆದರು,
ತಮ್ಮ ವಾರವಿಡೀ ನಕ್ಕ,
ಆಮೇಲೆ ಅಕ್ಷರ ತಿದ್ದಿ ಬರೆಯತೊಡಗಿದ.

ನಸುಕಿನ ಮೂರಕ್ಕೆ ಟಪಾಲು.
ತೆರೆಯಲು ಹೋಗಿ ಉತ್ತರದ ಕೀಲಿ ಒತ್ತಿದೆ.
ಹಳದಿಯಲ್ಲಿ ಮೂಡಿತು:
ನಾಲ್ಕನೇ ಜೆಟ್ಟಿಯ ಅಳತೆಗೋಲು ಬರೆದರು,
ನೀರು ಒಂದು ಮೀಟರು ಎಂಬತ್ತನಾಲ್ಕು. ಏರುತ್ತಿದೆ.

ಕೆಳಗೆ ಕರ್ಸರು ಮಿನುಗುತ್ತ ಕಾದಿತ್ತು.
ಬಾರ್ಜು ಒಮ್ಮೆ ಕೂಗಿತು.
ನೋಡಿಕೊಂಡೆ ರೀ, ಎಂದಷ್ಟು ಬರೆದೆ.

ಕಳಿಸಲೇ, ಎಂದು ಕೇಳಿತು.